ಮಂಡೆಬಿಸಿಯಾದರೆ ಕಾಸರಗೋಡಿನವರು ಎಲ್ಲಿಗೆ ಹೋಗುತ್ತಾರೆ?

ಕೇರಳದ ಆರೋಗ್ಯ ವ್ಯವಸ್ಥೆ ದೇಶಕ್ಕೇ ಮಾದರಿ ಎನ್ನುತ್ತಾರೆ, ಆದರೂ ನಿಮ್ಮ ಕಾಸರಗೋಡಿನ ಕನ್ನಡಿಗರು ಮನಸ್ಸಿನ ಕಾಯಿಲೆಗೆ ಮೊದಲು ಜೋಯಿಸರ ಮನೆಗೆ, ಆಮೇಲೆ ಮಂಗಳೂರಿಗೆ ಯಾಕೆ ಓಡುತ್ತಾರೆ ಎಂದು ಕೇಳಿದ್ದೀರಿ. ಕ್ಷೇತ್ರಕಾರ್ಯಕ್ಕೆ ಬರುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಬಂದು ಎರಡು ದಿನ ಇದ್ದು, ಮೂಢನಂಬಿಕೆ ಎಂದು ಬರೆದುಕೊಂಡು ಹೋದವರನ್ನು ನಾವು ಬೇಕಷ್ಟು ನೋಡಿದ್ದೇವೆ.

ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಒಂದು ಮನೆಯನ್ನು ಯೋಚಿಸಿ. ಮನೆಮಾತು ತುಳುವೋ ಹವ್ಯಕವೋ ಮರಾಟಿಯೋ ಆಗಿರುತ್ತದೆ. ಓದಿದ್ದು ಕನ್ನಡ ಶಾಲೆಯಲ್ಲಿ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, ಈಗ ಸರ್ಕಾರದ ಕೆಲಸ ಹೆಚ್ಚಿನದ್ದೂ ಮಲಯಾಳದಲ್ಲಿ. ಆ ಮನೆಯ ಹುಡುಗಿಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಕೂತಲ್ಲೇ ಅಳುತ್ತಾಳೆ ಎಂದಾದರೆ ಹಿರಿಯರು ಪ್ರಶ್ನೆ ಇಡಿಸುತ್ತಾರೆ. ಜೋಯಿಸರು ಕವಡೆ ಹರಡಿ ಹೇಳುವುದರಲ್ಲಿ ಹುಡುಗಿಯ ಮಾತು ಕಡಿಮೆ, ಮನೆತನದ್ದೇ ಹೆಚ್ಚು. ನಾಗನ ಕಟ್ಟೆ ಪಾಳು ಬಿದ್ದಿದೆ, ದೈವಕ್ಕೆ ಹೇಳಿಕೊಂಡ ಹರಕೆ ಸಂದಿಲ್ಲ, ತೀರಿಹೋದ ಯಾರಿಗೋ ಸದ್ಗತಿ ಆಗಿಲ್ಲ. ಹಾಗೆ ದೋಷ ಇಡೀ ಕುಟುಂಬದ ತಲೆಗೆ ಬರುತ್ತದೆ. ಆಸ್ತಿ ಪಾಲಾಗಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ನಾಗದೋಷಕ್ಕೆ ಮಾಡಿಸುವ ಆಶ್ಲೇಷ ಬಲಿಯ ದಿನ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಹುಡುಗಿಗೆ ಕೆಟ್ಟ ಹೆಸರಿಲ್ಲ. ಅದೇ ‘ಮಂಡೆ ಸಮ ಇಲ್ಲ’ (ತಲೆ ಸರಿ ಇಲ್ಲ) ಎಂಬ ಸುದ್ದಿ ಒಮ್ಮೆ ಹರಡಿತೋ, ಅವಳ ತಂಗಿಗೂ ಸಂಬಂಧ ಕೂಡಿಬರುವುದು ಕಷ್ಟ.

ಇದರಿಂದ ಸಮಾಧಾನ ಸಿಗುತ್ತದೆ ಎನ್ನುವುದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಎನ್ನುವ ಹಂತಕ್ಕೆ ಬಂದವರಿಗೆ ಮದ್ದು ತಡವಾದಷ್ಟೂ ಕಾಯಿಲೆ ಬಲಿಯುತ್ತದೆ. ದುಡ್ಡಿನ ಪ್ರಶ್ನೆ ಇಲ್ಲಿಯೇ ಬರುವುದು. ನಾಲ್ಕು ಎಕರೆ ಅಡಿಕೆ ತೋಟ ಇರುವ ಮನೆಯವರು ಬೆಳಿಗ್ಗೆ ಹೋಮ ಮುಗಿಸಿ ಮಧ್ಯಾಹ್ನ ಮಂಗಳೂರಿನ ಮನೋವೈದ್ಯರಿಗೂ ತೋರಿಸುತ್ತಾರೆ. ಬೀಡಿ ಕಟ್ಟುವ ಮನೆಯವರು ಕಿವಿಯ ಬೆಂಡೋಲೆ ಅಡವಿಟ್ಟು ಪರಿಹಾರ ಮಾಡಿಸಿದ ಮೇಲೆ ಬಸ್ಸಿಗೂ ಕೈಯಲ್ಲಿ ಕಾಸು ಉಳಿಯುವುದಿಲ್ಲ. ತೋಟದವರಿಗೆ ಬೇರೆ ತರದ ಸಂಕಟ ಉಂಟು. ಊರಲ್ಲೇ ಉಳಿದು ಕೃಷಿ ಮಾಡುವ ಗಂಡಿಗೆ ಹೆಣ್ಣು ಸಿಗುವುದಿಲ್ಲ. ನಲವತ್ತು ದಾಟಿದ ಇಂಥವರ ಒಂಟಿತನವನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿದಿಲ್ಲ.

ಮಂಗಳೂರು ಯಾಕೆ ಎಂದರೆ, ಅಲ್ಲಿ ನಮ್ಮ ಭಾಷೆ ನಡೆಯುತ್ತದೆ, ಗುರುತಿನವರು ಎದುರಾಗುವುದೂ ಕಡಿಮೆ. ಹಾಗಾಗಿ ಒಂದು ದಿನದ ಕೂಲಿ ಬಿಟ್ಟು ಗಡಿ ದಾಟುತ್ತಾರೆ. 2020ರ ಮಾರ್ಚಿನಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕ ಗಡಿಯ ತಲಪಾಡಿಯಲ್ಲಿ ತಡೆ ಹಾಕಿ, ಒಳದಾರಿಗಳಿಗೂ ಮಣ್ಣು ಸುರಿದಾಗ, ದಿನಾ ಮಾತ್ರೆ ನುಂಗಬೇಕಾದ ಎಷ್ಟೋ ಮಂದಿ ಈಚೆಯೇ ಉಳಿದರು. ಉಕ್ಕಿನಡ್ಕದಲ್ಲಿ ನಮ್ಮ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿ ಆಗಿತ್ತು, ಆದರೆ ಆ ಹೊತ್ತಿಗೂ ಅದು ಪೂರ್ತಿ ಆಗಿರಲಿಲ್ಲ.

ಭಾಷೆ ಅಂದೆನಲ್ಲ, ಹತ್ತಿರದಿಂದ ಕಂಡದ್ದನ್ನು ಹೇಳುತ್ತೇನೆ. ನೆರೆಮನೆಯ ಅಕ್ಕ ಒಬ್ಬರನ್ನು ಇಲ್ಲಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ತೆಂಕಣ ಕೇರಳದ ಹುಡುಗಿ, ಸಮಾಧಾನದಿಂದ ಕೇಳುವವಳು. ಅಕ್ಕನಿಗೆ ಮಲಯಾಳ ಬಾರದು. ಒಂಬತ್ತನೇ ಕ್ಲಾಸಿನ ಮಗಳೇ ನಡುವೆ ನಿಂತು ಎರಡೂ ಕಡೆಯ ಮಾತು ಹೇಳುತ್ತಿದ್ದಳು. ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ತಣ್ಣಗಾಗುತ್ತದೆ ಎಂಬುದೆಲ್ಲ ಸರಿಯಾಗಿಯೇ ಹೋಯಿತು. ಬದುಕುವುದೇ ಬೇಡ ಎಂದು ಅನಿಸಿದ್ದುಂಟೇ ಎಂದು ಡಾಕ್ಟರು ಮಲಯಾಳದಲ್ಲಿ ಕೇಳಿದರು. ಮಗಳು ಒಮ್ಮೆ ಉಗುಳು ನುಂಗಿ, "ಅಮ್ಮ, ನಿಂಗೆ ಬೇಜಾರಾಗ್ತದಾ ಅಂತ ಕೇಳ್ತಾರೆ" ಎಂದಳು. "ಹಾಗೆಂತ ಇಲ್ಲ" ಎಂದರು ಅಕ್ಕ. ಡಾಕ್ಟರು ಅದನ್ನೇ ಬರೆದುಕೊಂಡು ನಿದ್ದೆಗೆ ಮಾತ್ರೆ ಕೊಟ್ಟರು. ನಾನು ಕೋಣೆಯ ಹೊರಗೆ ಡಾಕ್ಟರನ್ನು ಕಂಡು ಮಾತಾಡಿದ ಮೇಲೆ ಅಕ್ಕನನ್ನು ಮತ್ತೆ ಒಬ್ಬರನ್ನೇ ಒಳಗೆ ಕರೆದರು, ಕನ್ನಡ ಬಲ್ಲ ನರ್ಸ್ ಜೊತೆಗೆ ಕೂತರು. ಆಮೇಲೆ ಅಕ್ಕ ಹೊರಬರಲು ಬಹಳ ಹೊತ್ತಾಯಿತು.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆ ಹೋದರೆ ಎಂಡೋಸಲ್ಫಾನ್ ಸಂತ್ರಸ್ತ ಮಕ್ಕಳ ತಾಯಂದಿರನ್ನು ಕಾಣುತ್ತೀರಿ. 1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ವಿಷ ಅದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ದುಡ್ಡು ಸಂದಿಲ್ಲ ಎಂದು 2022ರಲ್ಲಿ ಕೋರ್ಟು ಕೇರಳ ಸರ್ಕಾರವನ್ನು ಮತ್ತೆ ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಪಟ್ಟಿಯಲ್ಲಿ ಇರುವುದು ಸಂತ್ರಸ್ತರ ಹೆಸರು. ಇಪ್ಪತ್ತೈದು ವರ್ಷದ ಮಗನನ್ನು ಎತ್ತಿ ಮೀಯಿಸುವ ತಾಯಿಯ ಸೊಂಟನೋವು, ರಾತ್ರಿಯಿಡೀ ಕಣ್ಣುಬಿಟ್ಟು ಮಲಗುವುದು, ಇವೆಲ್ಲ ಯಾವ ಪಟ್ಟಿಗೂ ಬಂದಿಲ್ಲ. ಅವಳು ‘ತಾಯಿಯ ಕರ್ತವ್ಯ’ ಮಾಡುತ್ತಿದ್ದಾಳೆ ಎಂದು ಊರು ಕೈಮುಗಿಯುತ್ತದೆ, ಅಷ್ಟರಿಂದ ಅವಳ ಬಾಯಿ ಕಟ್ಟುತ್ತದೆ. ನನಗೆ ತುಂಬಾ ಸಿಟ್ಟು ಬರುವುದು ಇದಕ್ಕೆ. ಇಂಥ ಮಕ್ಕಳಿಗೆಂದೇ ಇರುವ ಕುಟುಂಬಶ್ರೀಯ ಬಡ್ಸ್ ಶಾಲೆ ಇರುವಲ್ಲಿ ಹಗಲು ಕೆಲವು ಗಂಟೆಯಾದರೂ ಅವಳಿಗೆ ಉಸಿರಾಡಲು ಸಿಗುತ್ತದೆ. ‘ನಾನು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ’ ಎಂದು ಅವಳು ಕೇಳಿದರೆ ಧೈರ್ಯ ತುಂಬಲು ಹೋಗಬೇಡಿ. ಅದಕ್ಕೆ ನಿಮ್ಮಲ್ಲೂ ನನ್ನಲ್ಲೂ ಉತ್ತರ ಇಲ್ಲ.

ಬಂದಾಗ ಪ್ರಶ್ನೆ ಇಡಿಸಿದ್ದನ್ನು ಹೀಗಳೆಯಬೇಡಿ. ಜೋಯಿಸರು ಎಂತ ಹೇಳಿದರು ಎಂದು ಕೇಳಿದರೆ ಮನೆಯ ಜಗಳ, ಸಾಲ, ಸಾವು ಎಲ್ಲ ತಾನಾಗಿ ಹೊರಬರುತ್ತದೆ. ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ 14416ರ ಟೆಲಿಮಾನಸ್‌ನಲ್ಲಿ ಕನ್ನಡವೂ ಉಂಟು ಎನ್ನುವುದು ಇಲ್ಲಿ ತುಂಬಾ ಮಂದಿಗೆ ಗೊತ್ತಿಲ್ಲ, ಹೋದಲ್ಲೆಲ್ಲ ಹೇಳಿ. ಮಕ್ಕಳನ್ನು ದುಭಾಷಿ ಮಾಡಬೇಡಿ. ಆಶಾ ಕಾರ್ಯಕರ್ತೆಯರಲ್ಲಿ ತುಳು, ಕನ್ನಡ, ಮಲಯಾಳ ಮೂರೂ ಬಲ್ಲವರು ಸಿಗುತ್ತಾರೆ. ಆದರೆ ಅದೇ ವಾರ್ಡಿನವರು ಬೇಡ. ಪಕ್ಕದ ಪಂಚಾಯತಿನವರನ್ನು ಕರೆದುಕೊಂಡು ಹೋದರೆ ಜನ ಬಾಯಿ ಬಿಡುತ್ತಾರೆ.