‘ನಾಳೆಯಿಂದ ಬರಬೇಡ’ ಅಂದರೆ ನಿರುದ್ಯೋಗ ಭತ್ಯೆ ಸಿಗುತ್ತಾ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ನಾಲ್ಕು ವರ್ಷದಿಂದ ಸಿಎನ್‌ಸಿ ಆಪರೇಟರ್ ಆಗಿದ್ದೆ. ಸಂಬಳ 16,500 ರೂಪಾಯಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ), ಪಿಎಫ್ ಎರಡೂ ಇತ್ತು. ಹೋದ ವಾರ ಓವರ್‌ಟೈಮ್ ದುಡ್ಡಿನ ವಿಷಯಕ್ಕೆ ಸೂಪರ್‌ವೈಸರ್ ಜೊತೆ ಮಾತಿಗೆ ಮಾತು ಬೆಳೆಯಿತು. ‘ನಾಳೆಯಿಂದ ಬರಬೇಡ’ ಅಂದರು. ಮರುದಿನ ಗೇಟಿನಲ್ಲೇ ತಡೆದರು. ರಾಜೀನಾಮೆ ಬರೆದುಕೊಟ್ಟರೆ ಮಾತ್ರ ಲೆಕ್ಕ ಚುಕ್ತಾ ಅನ್ನುತ್ತಿದ್ದಾರೆ. ಕೆಲಸದಿಂದ ತೆಗೆದವರಿಗೆ ಯಾವ ಭತ್ಯೆಯೂ ಇಲ್ಲ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?

ಉತ್ತರ: ಮೊದಲು ಆ ರಾಜೀನಾಮೆಗೆ ಸಹಿ ಹಾಕಬೇಡಿ. ಉಳಿದದ್ದು ಆಮೇಲೆ.

ಗೆಳೆಯರ ಮಾತು ಅರ್ಧ ಸರಿ. ದುರ್ನಡತೆಗೆ ಶಿಕ್ಷೆಯಾಗಿ ವಜಾ ಆದವರಿಗೆ, ತಾವಾಗಿಯೇ ನಿವೃತ್ತಿ ಪಡೆದವರಿಗೆ ಇಎಸ್‌ಐನ ನಿರುದ್ಯೋಗ ಭತ್ಯೆ ಇಲ್ಲ. ಆದರೆ ದುರ್ನಡತೆ ಅನ್ನಬೇಕಾದರೆ ಆರೋಪ ಪತ್ರ ಕೊಡಬೇಕು, ವಿಚಾರಣೆ ನಡೆಸಬೇಕು, ಲಿಖಿತ ಆದೇಶ ಬೇಕು. ಸೂಪರ್‌ವೈಸರ್ ಸಿಟ್ಟಿನಲ್ಲಿ ಕೂಗಾಡಿದ್ದು ಇದ್ಯಾವುದೂ ಅಲ್ಲ. ನೀವೇ ರಾಜೀನಾಮೆ ಬರೆದುಕೊಟ್ಟರೆ ಮಾತ್ರ ‘ಅವನೇ ಬಿಟ್ಟು ಹೋದ’ ಅನ್ನಲು ಅವರಿಗೆ ಕಾಗದ ಸಿಗುತ್ತದೆ. ಅದಕ್ಕೇ ಇಷ್ಟು ಒತ್ತಾಯ, ಅಲ್ವಾ?

ಭತ್ಯೆಯ ಹೆಸರು ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ. 2018ರ ಜುಲೈಯಿಂದ ಇದೆ. ಕೆಲಸ ಹೋಗುವ ಮುಂಚಿನ ಎರಡು ವರ್ಷ ಇಎಸ್‌ಐ ಇರುವ ಕೆಲಸದಲ್ಲಿ ಇರಬೇಕು. ಕೊನೆಯ ವಂತಿಗೆ (ಇಎಸ್‌ಐಗೆ ಕಟ್ಟುವ ದುಡ್ಡು) ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬೇಕು, ಅದಕ್ಕೆ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ. ಅವಧಿ ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಹಳೇ ಪೇ ಸ್ಲಿಪ್ ತೆಗೆದು ನೋಡಿ. ನಿಮ್ಮ ಸಂಬಳಕ್ಕೆ ಶೇ 0.75ರ ಲೆಕ್ಕದಲ್ಲಿ ತಿಂಗಳಿಗೆ 124 ರೂಪಾಯಿ ಇಎಸ್‌ಐ ಕಡಿತ ಕಾಣಬೇಕು. ಸ್ಲಿಪ್‌ನಲ್ಲಿ ಕಡಿದರೂ ಕಟ್ಟದೆ ಉಳಿಸಿಕೊಳ್ಳುವವರು ಇದ್ದಾರೆ. ಹಾಗಾಗಿ ಇಎಸ್‌ಐ ಪೋರ್ಟಲ್‌ನಲ್ಲಿ ನಿಮ್ಮ ವಿಮಾ ಸಂಖ್ಯೆ ಹಾಕಿ ಖಚಿತ ಮಾಡಿಕೊಳ್ಳಿ. ಕಾಂಟ್ರಾಕ್ಟರ್ ಮೂಲಕ ಸೇರಿದ್ದರೆ ಮಾಲೀಕರ ಜಾಗದಲ್ಲಿ ಅವನ ಹೆಸರಿರುತ್ತದೆ, ಗಾಬರಿ ಬೇಡ.

ದುಡ್ಡು ಎಷ್ಟು? ಎರಡು ವರ್ಷದ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ನಿಮಗೆ ದಿನಕ್ಕೆ ಸುಮಾರು 542 ರೂಪಾಯಿ. ಅದರ ಅರ್ಧ, ಹೆಚ್ಚೆಂದರೆ 90 ದಿನ: ಸುಮಾರು 24,400 ರೂಪಾಯಿ. ಮೂಲ ಯೋಜನೆಯಲ್ಲಿ ಇದು ಶೇ 25 ಮಾತ್ರ ಇತ್ತು. 2020ರ ಕೋವಿಡ್ ಹೊತ್ತಿನಲ್ಲಿ ಶೇ 50 ಮಾಡಿ, ಆಮೇಲೆ ಅವಧಿ ವಿಸ್ತರಿಸುತ್ತಾ ಬಂದರು. ಅರ್ಜಿ ಹಾಕುವ ದಿನದ ದರ ಯಾವುದು ಎಂದು ಇಎಸ್‌ಐ ಶಾಖಾ ಕಚೇರಿಯಲ್ಲೇ ಕೇಳಿ. ಜೀವನದಲ್ಲಿ ಒಟ್ಟು 90 ದಿನಕ್ಕಷ್ಟೇ ಇದು.

ಇನ್ನೊಂದು ದೊಡ್ಡ ಯೋಜನೆ ಇದೆ, ಜನಕ್ಕೆ ಅದರ ಹೆಸರೇ ಗೊತ್ತಿಲ್ಲ: ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿದರೆ ಅಥವಾ ನಿಮ್ಮನ್ನು ರಿಟ್ರೆಂಚ್ ಮಾಡಿದರೆ, ಅಂದರೆ ಜನ ಹೆಚ್ಚಾದರು ಎಂದು ತೆಗೆದರೆ, 24 ತಿಂಗಳವರೆಗೆ ಸಿಗುತ್ತದೆ. ಮೊದಲ ವರ್ಷ ದಿನದ ಸಂಬಳದ ಶೇ 50, ಎರಡನೇ ವರ್ಷ ಶೇ 25. ಕಂಪನಿಯವರು ‘ಆರ್ಡರ್ ಇಲ್ಲ, ಜನ ಕಡಿಮೆ ಮಾಡುತ್ತಿದ್ದೇವೆ’ ಎಂದು ಪತ್ರ ಕೊಟ್ಟರೆ ಅದನ್ನು ಜೋಪಾನ ಮಾಡಿ. ಅಂಥ ಪತ್ರ ಬಂದರೆ ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರವೂ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳವೂ ಬರಬೇಕು.

ಈಗ ಮಾಡಬೇಕಾದ್ದು ಒಂದು ಪತ್ರ. ಇಂಥ ದಿನ ಕೆಲಸಕ್ಕೆ ಬಂದೆ, ಗೇಟಿನಲ್ಲಿ ತಡೆದರು, ಕೆಲಸ ಮಾಡಲು ತಯಾರಿದ್ದೇನೆ ಎಂದು ನಾಲ್ಕೇ ಸಾಲು ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ನಾಳೆ ‘ಹೇಳದೆ ಕೇಳದೆ ಗೈರಾದ’ ಎನ್ನಬಹುದು. ಪ್ರತಿಯನ್ನು ಬೆಳಗಾವಿಯ ಕಾರ್ಮಿಕ ಇಲಾಖೆ ಕಚೇರಿಗೂ ಕೊಡಿ. ಬಾಕಿ ಸಂಬಳಕ್ಕೆ ರಾಜೀನಾಮೆಯ ಶರತ್ತು ಹಾಕುವ ಹಕ್ಕು ಅವರಿಗಿಲ್ಲ; ತೆಗೆದ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಪಿಎಫ್ ನಿಮ್ಮದೇ ದುಡ್ಡು, ವಜಾ ಆದರೂ ಹೋಗುವುದಿಲ್ಲ.

ಯುವನಿಧಿ ಬಗ್ಗೆ ಯಾರಾದರೂ ಹೇಳಿದ್ದರೆ ಮರೆತುಬಿಡಿ. ಅದು ಡಿಗ್ರಿ, ಡಿಪ್ಲೊಮಾ ಮುಗಿಸಿಯೂ ಕೆಲಸ ಸಿಗದ ಹೊಸಬರಿಗೆ. ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ಕಾನೂನು ನೆರವು ಉಚಿತ.