ಗಾಡಿಗೆ ಹೊರಪಂಜರ: ಪೈಪಿಗಿಂತ ಬುಡ ಗಟ್ಟಿಯಿರಲಿ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದವು: ಆಫ್‌ರೋಡ್ ಗಾಡಿಗೆ ಬಾಡಿಯ ಹೊರಗಡೆ ರೋಲ್‌ಕೇಜನ್ನು, ಅಂದರೆ ಗಾಡಿ ಮಗುಚಿದಾಗ ಒಳಗಿದ್ದವರನ್ನು ಕಾಪಾಡುವ ಉಕ್ಕಿನ ಟ್ಯೂಬುಗಳ ಪಂಜರವನ್ನು, ಸ್ವತಃ ಕಟ್ಟಿಕೊಳ್ಳುವುದು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಒಳಗಿನ ಕೇಜಿಗಿಂತ ಹೊರಗಿನದನ್ನು ಕಟ್ಟುವುದು ಸುಲಭ ಎನ್ನುತ್ತಾರೆ. ಗಾಡಿ ಮಗುಚಿದಾಗ ಎರಡೂ ಒಂದೇ ರೀತಿ ಕಾಪಾಡುತ್ತವೆಯೇ?

ಸುಲಭವೇನೋ ಹೌದು. ಡ್ಯಾಶ್‌ಬೋರ್ಡು, ಸೀಟು ಯಾವುದನ್ನೂ ಕೀಳಬೇಕಿಲ್ಲ. ಹೆಲ್ಮೆಟ್ ಹಾಕದೆ ಕೂರುವ ಗಾಡಿಗೆ ಇನ್ನೊಂದು ಲಾಭವೂ ಇದೆ. ಒಳಗಿನ ಕೇಜಿನ ಟ್ಯೂಬು ತಲೆಯಿಂದ ಗೇಣು ದೂರದಲ್ಲಿರುತ್ತದೆ, ಸಣ್ಣ ಡಿಕ್ಕಿಯಲ್ಲೂ ತಲೆ ಹೋಗಿ ಅದಕ್ಕೇ ಬಡಿಯಬಹುದು. ಹೊರಗಿನದಕ್ಕೆ ಆ ಕಾಟವಿಲ್ಲ.

ಆದರೆ ಹೊರಪಂಜರ ಅಂತ ಕಟ್ಟಿಸಿಕೊಂಡವುಗಳಲ್ಲಿ ಎಷ್ಟೋ ಬರೀ ತಗಡು ಉಳಿಸುವ ಕಂಬಿಗಳು. ಕೊಂಬೆ ಉಜ್ಜಿದರೆ ಬಾಡಿಗೆ ಗೀರು ಬೀಳದು, ಅಷ್ಟೇ. ಮಗುಚಿದ ಗಾಡಿಯ ಭಾರ ಹೊರಬೇಕಾದರೆ ಆ ಭಾರ ಚಾವಣಿಯ ಟ್ಯೂಬಿನಿಂದ ಚಾಸಿಯವರೆಗೆ ಎಲ್ಲೂ ತಡವರಿಸದೆ ಇಳಿಯಬೇಕು. ಕೇಜು ಸೋಲುವುದು ಹೆಚ್ಚಾಗಿ ಬುಡದಲ್ಲಿ, ಇಲ್ಲವೇ ಬೆಸುಗೆಯ ಪಕ್ಕದಲ್ಲಿ. ಸೀಟ್‌ಬೆಲ್ಟ್ ಕಟ್ಟದವರಿಗೆ ಯಾವ ಕೇಜೂ ಆಗಿಬರುವುದಿಲ್ಲ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದರ ಸೆನ್ಸರ್ ಇರುವ ಜಾಗದ ಹತ್ತಿರ ಬ್ರಾಕೆಟ್ ಹಾಕಬೇಡಿ. ರಸ್ತೆಗೆ ಇಳಿಸುವ ಗಾಡಿಗೆ ಇಂಥ ಮಾರ್ಪಾಡನ್ನು ನಿಮ್ಮಲ್ಲಿನ ಕಾನೂನು ಒಪ್ಪುತ್ತದೆಯೇ ಎಂದು ಟ್ಯೂಬು ಕೊಳ್ಳುವ ಮೊದಲೇ ವಿಚಾರಿಸಿ.

ಪ್ರಶ್ನೆ: ಒಂದೂವರೆ ಇಂಚಿನ ಜಿಐ ನೀರಿನ ಪೈಪು ಮಿಕ್ಕಿದೆ. ದಪ್ಪವಾಗಿಯೇ ಇದೆ. ನಡೆಯುತ್ತದೆಯೇ?

ಬೇಡ. ಅದನ್ನು ಮಾಡಿರುವುದು ನೀರಿನ ಒತ್ತಡ ತಡೆಯಲಿ ಎಂದು, ಬಾಗಿಸಿ ಭಾರ ಹೇರಲಿ ಎಂದಲ್ಲ. ವೆಲ್ಡಿಂಗ್ ಮಾಡುವಾಗ ಸತುವಿನ ಲೇಪ ಉರಿದು ಬರುವ ಬಿಳಿ ಹೊಗೆ ಸೇವಿಸಿದರೆ ಅಂದೇ ರಾತ್ರಿ ಚಳಿಜ್ವರ ಬರಬಹುದು, ಬೆಸುಗೆಯಲ್ಲೂ ಗುಳ್ಳೆ ನಿಲ್ಲುತ್ತದೆ. ಅಳತೆಯ ಗೊಂದಲವೂ ಇದೆ. ಒಂದೂವರೆ ಇಂಚಿನ ಪೈಪಿನ ನಿಜವಾದ ಹೊರವ್ಯಾಸ 48.3 ಮಿ.ಮೀ. ಒಂದೂವರೆ ಇಂಚಿನ ಟ್ಯೂಬಿನದು 38. ಪೈಪಿಗೆ ಹೇಳುವುದು ಹೆಸರಿನ ಅಳತೆ, ಟ್ಯೂಬಿಗೆ ಹೇಳುವುದು ಹೊರವ್ಯಾಸ.

ತಣ್ಣಗೆ ಎಳೆದ ಸೀಮ್‌ಲೆಸ್ ಟ್ಯೂಬು, ಇಲ್ಲವೇ ಡಿಒಎಂ (ಬೆಸೆದ ಮೇಲೆ ಒಳಗೆ ಅಚ್ಚು ಇಟ್ಟು ತಣ್ಣಗೆ ಎಳೆದ) ಟ್ಯೂಬು ತನ್ನಿ. ಮೋಟಾರು ಸ್ಪರ್ಧೆಗಳ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎ ತನ್ನ ಕೇಜುಗಳ ಮುಖ್ಯ ಕಮಾನಿಗೆ (ಮುಂದಿನ ಸೀಟುಗಳ ಹಿಂದೆ ಅಡ್ಡಲಾಗಿ ನಿಲ್ಲುವುದು) ಕೇಳುವುದು 45 × 2.5 ಅಥವಾ 50 × 2 ಮಿ.ಮೀ. (ಹೊರವ್ಯಾಸ × ಗೋಡೆಯ ದಪ್ಪ), ಉಳಿದ ಭಾಗಕ್ಕೆ 38 × 2.5 ಅಥವಾ 40 × 2. ಅವೆಲ್ಲ ಬಾಡಿಯ ಒಳಗೆ ಕೂರುವ ಕೇಜುಗಳು. ಹೊರಗಿನದಕ್ಕೆ ನಮ್ಮ ಆಯ್ಕೆ 44.5 × 3. ಕಾರಣ ಇಷ್ಟೇ: 50 × 2ರ ಬಿಗುವು 44.5 × 3ರಷ್ಟೇ ಇದೆ, ತೂಕವೂ ಕಡಿಮೆ, ಮೀಟರಿಗೆ 3.1 ಕೆ.ಜಿ. ಬದಲು 2.4. ಆದರೆ ಹೊರಗಿನ ಟ್ಯೂಬಿಗೆ ಬಂಡೆ, ಮರ ತಾಗುತ್ತಲೇ ಇರುತ್ತವೆ. ತೆಳು ಗೋಡೆ ಬೇಗ ತಗ್ಗು ಬೀಳುತ್ತದೆ. ಒಮ್ಮೆ ತಗ್ಗು ಬಿದ್ದ ಜಾಗದಲ್ಲೇ ಮುಂದಿನ ಸಲ ಟ್ಯೂಬು ಮಡಚುತ್ತದೆ.

38 × 3 ಸಾಕಲ್ಲವೇ ಎಂದು ಕೇಳುವವರಿಗೆ: 44.5ಕ್ಕೆ ಹೋದರೆ ತೂಕ ಶೇ. 18ರಷ್ಟು ಹೆಚ್ಚುತ್ತದೆ, ಬಾಗದೆ ನಿಲ್ಲುವ ಬಿಗುವು ಶೇ. 65ರಷ್ಟು. ಅಡ್ಡಪಟ್ಟಿ, ಕರ್ಣಗಳಿಗೆ 38 ಹಾಕಿ, ಕಮಾನು ಮತ್ತು ಕಾಲುಗಳಿಗೆ ಬೇಡ.

ಪ್ರಶ್ನೆ: ಹೈಡ್ರಾಲಿಕ್ ಪೈಪ್ ಬೆಂಡರ್‌ನಲ್ಲಿ ಬಾಗಿಸಿದರೆ ಒಳಬದಿ ಸುಕ್ಕು ಬೀಳುತ್ತಿದೆ. ಮರಳು ತುಂಬಿದರೂ ಅಷ್ಟೇ.

ಡೈ (ಟ್ಯೂಬನ್ನು ಕೂರಿಸಿ ಬಾಗಿಸುವ ಅಚ್ಚು) ಪೈಪಿನದು, ಬಾಗಿಸುತ್ತಿರುವುದು ಟ್ಯೂಬು. 48.3ರ ತೋಡಿನಲ್ಲಿ 44.5ರ ಟ್ಯೂಬು ಸಡಿಲವಾಗಿ ಕೂತಿದೆ, ಪಕ್ಕಕ್ಕೆ ಉಬ್ಬಲು ಜಾಗ ಸಿಕ್ಕಿದ್ದರಿಂದ ಒಳಕ್ಕೆ ಮಡಚುತ್ತದೆ. ನಡುವೆ ಒತ್ತುವ ಯಂತ್ರವನ್ನು ಬಿಟ್ಟು, ಟ್ಯೂಬನ್ನು ಡೈ ಸುತ್ತ ಎಳೆದು ಸುತ್ತಿಸುವ ರೋಟರಿ ಬೆಂಡರನ್ನು ಬಾಡಿಗೆಗಾದರೂ ತನ್ನಿ. ಬಾಗಿನ ತ್ರಿಜ್ಯ ಟ್ಯೂಬಿನ ನಡುಗೆರೆಯಲ್ಲಿ ವ್ಯಾಸದ ಮೂರು ಪಟ್ಟಿಗೆ ಕಡಿಮೆಯಾಗಬಾರದು, ಅಂದರೆ ಇಲ್ಲಿ 135 ಮಿ.ಮೀ. ಅಷ್ಟಿದ್ದರೂ ಹೊರಬದಿಯ ಗೋಡೆ 3ರಿಂದ 2.6ರ ಹತ್ತಿರಕ್ಕೆ ತೆಳುವಾಗುತ್ತದೆ. ಬಾಗಿದ ಜಾಗದಲ್ಲಿ ಕ್ಯಾಲಿಪರ್ ಇಟ್ಟು ಅಡ್ಡ, ಉದ್ದ ಎರಡೂ ವ್ಯಾಸ ಅಳೆಯಿರಿ. ಚಿಕ್ಕದು ದೊಡ್ಡದರ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಕಡಿಮೆ ಬಂದರೆ ಆ ತುಂಡನ್ನು ಗುಜರಿಗೆ ಹಾಕಿ. ಇಆರ್‌ಡಬ್ಲ್ಯು (ತಗಡನ್ನು ಸುತ್ತಿ ಉದ್ದಕ್ಕೂ ಬೆಸೆದ) ಟ್ಯೂಬೇ ಸಿಕ್ಕಿದ್ದರೆ ಅದರ ಬೆಸುಗೆ ಗೆರೆ ಬಾಗಿನ ಪಕ್ಕಕ್ಕೆ ಬರುವಂತೆ ತಿರುಗಿಸಿಟ್ಟುಕೊಳ್ಳಿ.

ಅಳತೆ ತಪ್ಪುವುದೂ ಇಲ್ಲೇ. 135ರ ತ್ರಿಜ್ಯದಲ್ಲಿ 90 ಡಿಗ್ರಿ ಬಾಗಿಸಿದರೆ ಮೂಲೆಯವರೆಗೆ ಅಳೆದ ಎರಡೂ ಬದಿಯ ಮೊತ್ತಕ್ಕಿಂತ 58 ಮಿ.ಮೀ. ಕಡಿಮೆ ಟ್ಯೂಬು ಸಾಕು, 45 ಡಿಗ್ರಿಗಾದರೆ ಬರೀ 6. ಎರಡು ಬಾಗಿನ ಕಮಾನಿನಲ್ಲಿ ಇದನ್ನು ಮರೆತರೆ ಒಂದು ಕಾಲು 11.6 ಸೆಂ.ಮೀ. ಉದ್ದವಾಗಿ ನಿಲ್ಲುತ್ತದೆ. ಬಿಟ್ಟಾಗ ಟ್ಯೂಬು ಎರಡು ಮೂರು ಡಿಗ್ರಿ ಹಿಂದಕ್ಕೆ ಬರುತ್ತದೆ, ಎಷ್ಟೆಂದು ಒಂದು ತುಂಡು ತುಣುಕಿನಲ್ಲಿ ನೋಡಿಕೊಂಡೇ ಕಮಾನಿಗೆ ಕೈ ಹಚ್ಚಿ. ಮುಖ್ಯ ಕಮಾನು ಒಂದೇ ಟ್ಯೂಬಿನದಾಗಿರಲಿ, ನಡುವೆ ಜೋಡಣೆ ಬೇಡ.

ಪ್ರಶ್ನೆ: ಕೇಜು ಹಾಕಿಸಿ ನಾಲ್ಕು ತಿಂಗಳಾಯಿತು. ಮುಂಗಾಜಿನ ಕೆಳಮೂಲೆಯಿಂದ ಬಿರುಕು ಹೊರಟಿದೆ, ಹಳ್ಳ ದಾಟುವಾಗ ಒಂದು ಬಾಗಿಲು ಬಿಗಿಯುತ್ತದೆ. ಮುಂದಿನ ಕಾಲುಗಳು ಚಾಸಿಗೆ, ಹಿಂದಿನವು ಬಾಡಿಗೆ ಕೂತಿವೆ.

ನಿಮ್ಮ ಕೊನೆಯ ಸಾಲಿನಲ್ಲೇ ಉತ್ತರವಿದೆ. ಪ್ರತ್ಯೇಕ ಚಾಸಿ ಇರುವ ಗಾಡಿಯಲ್ಲಿ ಬಾಡಿ ರಬ್ಬರ್ ದಿಂಬುಗಳ ಮೇಲೆ ಕೂತಿರುತ್ತದೆ. ಒಂದು ಚಕ್ರ ಬಂಡೆ ಹತ್ತಿದಾಗ ಚಾಸಿ ತಿರುಚಿಕೊಳ್ಳುತ್ತದೆ, ಬಾಡಿ ಬೇರೆಯಾಗಿ ಅಲುಗುತ್ತದೆ. ನಿಮ್ಮ ಕೇಜು ಎರಡನ್ನೂ ಉಕ್ಕಿನಿಂದ ಕಟ್ಟಿಹಾಕಿದೆ. ಆ ತಿರುಚು ಹೋಗಲು ಜಾಗವಿಲ್ಲದೆ ಗಾಜಿನ ಮೂಲೆಯಲ್ಲಿ ಹೊರಬಂದಿದೆ.

ಎಲ್ಲ ಕಾಲುಗಳೂ ಚಾಸಿಗೇ ಇಳಿಯಲಿ. ಮುಂದಿನ ಕಾಲು ಫೆಂಡರ್ ದಾಟುವಲ್ಲಿ 65ರಿಂದ 70 ಮಿ.ಮೀ. ತೂತು ಕೊರೆದು ರಬ್ಬರ್ ಬೂಟು ಹಾಕಿ. ಉಳಿದಲ್ಲೆಲ್ಲ ಟ್ಯೂಬಿಗೂ ಬಾಡಿಗೂ 20 ಮಿ.ಮೀ. ಸಂದು ಬಿಡಿ. ಅಷ್ಟು ಸಂದನ್ನು ಕಣ್ಣಳತೆಯಲ್ಲಿ ನಂಬಬೇಡಿ, ಒಂದು ಮರದ ತುಂಡನ್ನು ಅಷ್ಟೇ ದಪ್ಪಕ್ಕೆ ಕತ್ತರಿಸಿ ಉದ್ದಕ್ಕೂ ಜಾರಿಸಿ ನೋಡಿ. ಬಾಗಿಲು, ಬಾನೆಟ್, ವೈಪರ್ ಪೂರ್ತಿ ಆಡುತ್ತವೆಯೇ ಎಂಬುದನ್ನೂ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹಾಕಿರುವಾಗಲೇ ನೋಡಬೇಕು.

ಮುಂದೆ, ನಡುವೆ, ಹಿಂದೆ ಎರಡೆರಡರಂತೆ ಆರೂ ಕಾಲುಗಳನ್ನು ಕಲ್ಲಿನಂತೆ ಬಿಗಿದರೆ ಚಾಸಿಯ ತಿರುಚು ಪೂರ್ತಿ ನಿಂತು, ಬಿರುಕು ಪಾದದ (ಕಾಲು ಚಾಸಿಗೆ ಕೂರುವ ಬುಡದ) ಪಕ್ಕ ಚಾಸಿಯಲ್ಲೇ ಹುಟ್ಟಬಹುದು. ಅದಕ್ಕೇ ಮುಂದಿನ, ನಡುವಿನ ಪಾದಗಳನ್ನು ಗಟ್ಟಿಯಾಗಿ ಕೂರಿಸಿ, ಹಿಂದಿನ ಜೋಡಿಗೆ ಮಾತ್ರ ಪಾಲಿಯುರಿಥೇನ್ ಬುಷ್ ಕೊಡುವುದು ನಮಗೆ ಸರಿಯೆನಿಸುತ್ತದೆ. ಬುಷ್ ಹರಿದರೂ ಬೋಲ್ಟು ಕಾಲನ್ನು ಹಿಡಿದಿರುವಂತೆ ಬ್ರಾಕೆಟ್ ಎರಡೂ ಕಡೆಯಿಂದ ಆವರಿಸಲಿ.

ಪಾದವನ್ನು ಎರಡು ತಟ್ಟೆಯಲ್ಲಿ ಮಾಡಿ: ಒಂದು ಚಾಸಿಗೆ, ಒಂದು ಕಾಲಿಗೆ, ನಡುವೆ ಬೋಲ್ಟು. 6 ಮಿ.ಮೀ. ತಟ್ಟೆ, 8.8 ದರ್ಜೆಯ ಎಂ12 ಬೋಲ್ಟು ಪಾದಕ್ಕೆ ನಾಲ್ಕು, ಸುಮಾರು 80 ನ್ಯೂಟನ್ ಮೀಟರ್ ಬಿಗಿತ. ಪೆಟ್ಟಿಗೆಯಾಕಾರದ ಚಾಸಿಗೆ ಬೋಲ್ಟು ತೂರಿಸುವುದಾದರೆ ಒಳಗೆ ದಪ್ಪ ಗೋಡೆಯ ಕೊಳವೆ ತುಂಡು ಇಟ್ಟು ಬೆಸೆಯಿರಿ. ಇಲ್ಲದಿದ್ದರೆ ಬಿಗಿದಷ್ಟೂ ಚಾಸಿ ಒಳಕ್ಕೆ ಹೋಗುತ್ತದೆ, ಬೋಲ್ಟು ಎಂದಿಗೂ ಬಿಗಿಯಾಗುವುದಿಲ್ಲ. ಚಾಸಿಯ ಮೇಲ್ಮೈ, ಕೆಳಮೈಗಳ ಮೇಲೆ ಅಡ್ಡಲಾಗಿ ಬೆಸುಗೆ ಎಳೆಯಬೇಡಿ, ಬಿರುಕಿಗೆ ಅದೇ ದಾರಿ. ಪಕ್ಕದ ಗೋಡೆಗೆ ವಜ್ರಾಕಾರದ ತಟ್ಟೆ ಕೂರಿಸಿ ಉದ್ದಕ್ಕೆ ಬೆಸೆಯಿರಿ.

ಪ್ರತ್ಯೇಕ ಚಾಸಿ ಇಲ್ಲದ ಗಾಡಿಯಾದರೆ ಪಾದಗಳೆಲ್ಲ ಬಾಡಿಯ ಗಟ್ಟಿ ಜಾಗಕ್ಕೆ. ಅಲ್ಲಿ ತಗಡಿನ ಎರಡೂ ಕಡೆ ತಟ್ಟೆ ಬೇಕು. ಎಫ್‌ಐಎ ನಿಯಮದ ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ವಿಸ್ತಾರ, ಮೂರು ಎಂ8 ಬೋಲ್ಟು. ಅದಕ್ಕಿಂತ ಕೆಳಗೆ ಇಳಿಯಬೇಡಿ.

ಪ್ರಶ್ನೆ: ಚಾವಣಿಯ ಹತ್ತಿರದ ಜೋಡಣೆಗಳ ಕೆಳಬದಿಗೆ ವೆಲ್ಡಿಂಗ್ ಟಾರ್ಚ್ ಹೋಗುವುದೇ ಇಲ್ಲ. ಮೇಲೆ ಮಾತ್ರ ಬೆಸೆದರೆ ಸಾಲದೇ?

ಸಾಲದು. ಸುತ್ತಲೂ ಬೆಸೆಯದ ಜೋಡಣೆ ಬೆಸುಗೆ ನಿಂತ ಕಡೆಯಿಂದಲೇ ಹರಿಯಲು ಶುರುವಾಗುತ್ತದೆ. ಎರಡು ತಟ್ಟೆಯ ಪಾದ ಇಲ್ಲಿ ಕೈ ಹಿಡಿಯುತ್ತದೆ. ಗಾಡಿಯ ಮೇಲೆ ಟ್ಯಾಕ್ ಮಾತ್ರ ಹಾಕಿ, ಪಾದಗಳ ನಡುವೆ ಅಡ್ಡಡ್ಡ ಆಂಗಲ್ ತುಂಡುಗಳನ್ನು ತಾತ್ಕಾಲಿಕವಾಗಿ ಬೆಸೆಯಿರಿ. ಫೆಂಡರ್ ಬಿಚ್ಚಿ, ನಾಲ್ಕು ಜನ ಸೇರಿ ಕೇಜನ್ನು ಎತ್ತಿ ಇಳಿಸಿ, ನೆಲದ ಮೇಲೆ ಮಗ್ಗುಲು ಬದಲಿಸುತ್ತ ಪೂರ್ತಿ ಬೆಸೆಯಿರಿ. ಒಂದು ಜೋಡಣೆ ಎಡಕ್ಕಾದರೆ ಮುಂದಿನದು ಬಲಕ್ಕೆ. ಒಂದೇ ಕಡೆ ಮುಗಿಸುತ್ತ ಹೋದರೆ ಕಾವಿಗೆ ಕಾಲುಗಳು ಸೆಳೆದುಕೊಂಡು ಬೋಲ್ಟಿನ ತೂತು ಕೂಡುವುದಿಲ್ಲ. ಆಂಗಲ್ ಕತ್ತರಿಸುವುದು ಎಲ್ಲ ತಣ್ಣಗಾದ ಮೇಲೆ.

ಟ್ಯೂಬಿನ ತುದಿಯನ್ನು ಹೋಲ್‌ಸಾದಿಂದ (ದುಂಡು ತೂತು ಕೊರೆಯುವ ಗರಗಸ) ಮೀನಿನ ಬಾಯಿಯಂತೆ ಕತ್ತರಿಸಿ, ಸಂದು 1 ಮಿ.ಮೀ. ಮೀರದಂತೆ ಕೂಡಿಸಿ. ಮಿಗ್ (ತಂತಿ ತಾನೇ ಬರುವ, ಅನಿಲದ ರಕ್ಷಣೆಯ ವೆಲ್ಡಿಂಗ್) ಆದರೆ ಇಆರ್70ಎಸ್-6 ತಂತಿ 0.8 ಅಥವಾ 0.9 ಮಿ.ಮೀ., ಆರ್ಗಾನ್ 80, ಇಂಗಾಲದ ಡೈಆಕ್ಸೈಡ್ 20 ಪಾಲು. ಮಿಗ್‌ನ ಮೋಸವೆಂದರೆ ಬೆಸುಗೆ ಚೆಂದವಾಗಿ ಮೇಲೆ ಕೂತಿರುತ್ತದೆ, ಒಳಗೆ ಇಳಿದಿರುವುದಿಲ್ಲ. ಮೊದಲು ಚೂರುಗಳನ್ನು ಬೆಸೆದು, ಗರಗಸದಿಂದ ಸೀಳಿ ಒಳಗನ್ನು ನೋಡಿ. ಬೆಸುಗೆಯನ್ನು ಗ್ರೈಂಡರ್ ಹಿಡಿದು ನುಣುಪು ಮಾಡಬೇಡಿ.

ಟ್ಯಾಕ್ ಹಾಕುವಾಗ ಬ್ಯಾಟರಿ ವೈರು ಬಿಚ್ಚಿರಿ, ಅರ್ಥ್ ಕ್ಲಾಂಪು ಬೆಸೆಯುವ ಜಾಗದ ಪಕ್ಕದಲ್ಲೇ ಇರಲಿ, ಗಾಜಿಗೆ ವೆಲ್ಡಿಂಗ್ ಕಂಬಳಿ ಹೊದಿಸಿ. ಕಿಡಿ ತಾಗಿದ ಗಾಜಿನ ಚುಕ್ಕೆ ಒರೆಸಿದರೆ ಹೋಗುವುದಿಲ್ಲ.

ಪ್ರಶ್ನೆ: ಚಾವಣಿಯ ಚೌಕಕ್ಕೆ ಕರ್ಣ ಹಾಕಲೇಬೇಕೇ? ಲೈಟು ಕೂರಿಸಲು ಟ್ಯೂಬಿಗೆ ತೂತು ಕೊರೆಯಬಹುದೇ?

ಕರ್ಣ ಬೇಕು. ನಾಲ್ಕು ಮೂಲೆಯ ಚೌಕ ಪಕ್ಕದಿಂದ ಪೆಟ್ಟು ಬಿದ್ದರೆ ಓರೆಯಾಗುತ್ತದೆ, ತ್ರಿಕೋನ ಓರೆಯಾಗುವುದಿಲ್ಲ. ಮುಖ್ಯ ಕಮಾನಿಗೂ ಒಂದು ಹಾಕಿ. ತೂತು ಬೇಡ, ಕ್ಲಾಂಪು ಹಾಕಿ.

ಪ್ರಶ್ನೆ: ಇಷ್ಟು ಕಬ್ಬಿಣ ಮೇಲೇರಿದರೆ ಗಾಡಿ ಇನ್ನೂ ಬೇಗ ಮಗುಚುವುದಿಲ್ಲವೇ?

ಸ್ವಲ್ಪ ಮಟ್ಟಿಗೆ ಹೌದು. 20 ಮೀಟರ್ ಟ್ಯೂಬಿಗೆ 62 ಕೆ.ಜಿ., ತಟ್ಟೆ ಬೋಲ್ಟು ಸೇರಿ 80 ಎಂದಿಟ್ಟುಕೊಳ್ಳಿ. 1600 ಕೆ.ಜಿ. ಗಾಡಿಯ ಭಾರಕೇಂದ್ರ 70 ಸೆಂ.ಮೀ. ಎತ್ತರದಲ್ಲಿದ್ದು, ಕೇಜಿನದು 140ರಲ್ಲಿದ್ದರೆ ಒಟ್ಟು ಕೇಂದ್ರ 3.3 ಸೆಂ.ಮೀ. ಏರುತ್ತದೆ. ಚಕ್ರಗಳ ನಡುವೆ 150 ಸೆಂ.ಮೀ. ಇದ್ದರೆ ಅಡ್ಡ ಇಳಿಜಾರಿನಲ್ಲಿ ಸುಮಾರು 1.3 ಡಿಗ್ರಿ ಕಳೆದುಕೊಳ್ಳುತ್ತೀರಿ. ಅದರ ಮೇಲೆ ರ‍್ಯಾಕು, ಸ್ಟೆಪ್ನಿ, ನೀರಿನ ಕ್ಯಾನು ಹೇರಿದರೆ ಲೆಕ್ಕ ಕೆಡುತ್ತದೆ.

ಪ್ರಶ್ನೆ: ಒಮ್ಮೆ ಮಗುಚಿದ್ದೇವೆ. ಒಂದು ಕಾಲು ಸ್ವಲ್ಪ ಬಾಗಿದೆ. ಕಾಯಿಸಿ ನೆಟ್ಟಗೆ ಮಾಡಬಹುದೇ?

ಕಾಯಿಸಿದರೆ ತಣ್ಣಗೆ ಎಳೆದ ಟ್ಯೂಬಿನ ಗಡಸು ಹೋಗುತ್ತದೆ. ಆ ಕಾಲನ್ನು ಕತ್ತರಿಸಿ ಹೊಸದು ಹಾಕಿ. ಉಳಿದ ಜೋಡಣೆಗಳ ಪಕ್ಕದ ಬಣ್ಣ ಕೆರೆದು, ಬೆಸುಗೆ ಟ್ಯೂಬನ್ನು ಸೇರುವ ಅಂಚಿನಲ್ಲಿ ಕೂದಲೆಳೆಯ ಗೆರೆ ಇದೆಯೇ ನೋಡಿ. ಪೌಡರ್ ಕೋಟಿಂಗ್ ಮಾಡಿಸಿದ್ದರೆ ಈ ಗೆರೆ ಅದರ ಅಡಿಯಲ್ಲೇ ಅಡಗಿರಬಹುದು, ಆದ್ದರಿಂದ ಮುಂದಿನ ಸಲ ಸಾದಾ ಬಣ್ಣ ಹೊಡೆಯಿರಿ. ಪಾದದ ಬೋಲ್ಟುಗಳನ್ನೂ ಹೊಸದಾಗಿ ಹಾಕಿ. ಎಳೆತಕ್ಕೆ ಉದ್ದವಾದ ಬೋಲ್ಟಿಗೆ ನಟ್ಟು ಕೈಯಲ್ಲಿ ಅರ್ಧದವರೆಗೆ ಸಲೀಸಾಗಿ ಬಂದು, ಆಮೇಲೆ ಬಿಗಿಯುತ್ತದೆ.