ಗಿಡ ಸೊಂಪಾಗಿದೆ, ಗಡ್ಡೆ ಎಲ್ಲಿ? ಕೈತೋಟದ ಆಲೂಗಡ್ಡೆ: ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಆಲೂಗಡ್ಡೆಯದೇ ಜಾಸ್ತಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ನಾಲ್ಕು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಯುಗಾದಿ ಕಳೆದ ಮೇಲೆ, ಅಡುಗೆಮನೆಯಲ್ಲಿ ಮೊಳಕೆ ಬಂದಿದ್ದ ನಾಲ್ಕು ಆಲೂಗಡ್ಡೆಗಳನ್ನು ತಾರಸಿಯ ಗ್ರೋ ಬ್ಯಾಗ್‌ಗಳಲ್ಲಿ ನೆಟ್ಟೆ. ವಾರಕ್ಕೊಮ್ಮೆ ಸಗಣಿ ನೀರು, ಮಧ್ಯೆ ಎರಡು ಸಲ ಯೂರಿಯಾ ಕೊಟ್ಟೆ. ಗಿಡ ನೋಡಿದವರೆಲ್ಲ ಹೊಗಳಿದರು. ಎಂಬತ್ತು ದಿನಕ್ಕೆ ಕಿತ್ತರೆ ಗೋಲಿ ಗಾತ್ರದ ಐದಾರು ಗಡ್ಡೆ ಸಿಕ್ಕವು ಅಷ್ಟೇ. ನಾನು ಮಾಡಿದ ತಪ್ಪೇನು?
– ಗೃಹಿಣಿ, ಚಿಂತಾಮಣಿ

ಉತ್ತರ: ಅಮ್ಮಾ, ನಿಮ್ಮ ಆರೈಕೆಯಲ್ಲಿ ಕೊರತೆ ಇಲ್ಲ. ನೆಟ್ಟ ಕಾಲ ಸರಿಯಿಲ್ಲ. ಆಲೂಗಡ್ಡೆಗೆ ರಾತ್ರಿಯ ಚಳಿ ಬೇಕು. ರಾತ್ರಿ 15ರಿಂದ 20 ಡಿಗ್ರಿಯೊಳಗೆ ಇದ್ದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ, 20 ದಾಟಿದರೆ ಕುಗ್ಗುತ್ತಾ ಬರುತ್ತದೆ, ಮಣ್ಣು 30ರ ಹತ್ತಿರ ಕಾದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಯುಗಾದಿ ಆದ ಮೇಲೆ ಚಿಂತಾಮಣಿಯ ತಾರಸಿ ಹೇಗೆ ಕಾಯುತ್ತದೆ ಅಂತ ನಿಮಗೇ ಗೊತ್ತು, ಸಂಜೆ ಏಳಕ್ಕೂ ಬರಿಗಾಲಲ್ಲಿ ನಿಲ್ಲೋಕಾಗಲ್ಲ, ಅಲ್ವಾ? ಆ ಕಾಂಕ್ರೀಟಿನ ಮೇಲೇ ನಿಮ್ಮ ಚೀಲಗಳು ಕೂತಿದ್ದವು.

ಆಲೂಗಡ್ಡೆ ಬೇರಲ್ಲ, ಕಾಂಡ. ಮಣ್ಣೊಳಗೆ ಕಾಂಡದ ಬುಡದಿಂದ ಬಿಳೀ ದಾರದಂಥ ಎಳೆಗಳು ಹೊರಡುತ್ತವೆ. ಎಲೆಯಲ್ಲಿ ತಯಾರಾದ ಆಹಾರ ಇಳಿದು ಬಂದು ಆ ಎಳೆಯ ತುದಿ ಊದಿಕೊಂಡರೆ ಅದೇ ಗಡ್ಡೆ. ಸೆಕೆಯಲ್ಲಿ ಗಿಡ ಆ ಆಹಾರವನ್ನು ಮೇಲೆಯೇ ಖರ್ಚು ಮಾಡಿಬಿಡುತ್ತದೆ. ಎಷ್ಟೋ ಸಲ ಆ ಎಳೆಯೇ ಮಣ್ಣಿಂದ ಹೊರಗೆ ಬಂದು ಎಲೆ ಬಿಟ್ಟು ಇನ್ನೊಂದು ಗಿಡ ಆಗಿಬಿಡುತ್ತದೆ. ಅದರ ಜೊತೆಗೆ ನೀವು ಯೂರಿಯಾ, ಸಗಣಿ ನೀರು ಕೊಟ್ಟಿರಿ. ಸಾರಜನಕ ಜಾಸ್ತಿಯಾದರೆ ಸೊಪ್ಪು ಬೆಳೆಯುತ್ತದೆ, ಗಡ್ಡೆ ತಡವಾಗುತ್ತದೆ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೈತೋಟಕ್ಕೆ ಸರಿಯಾದ ಕಾಲ ದೀಪಾವಳಿಯ ಆಸುಪಾಸು. ಅಕ್ಟೋಬರ್ ಮಧ್ಯದಿಂದ ನವೆಂಬರ್ ಕೊನೆಯೊಳಗೆ ನೆಟ್ಟುಬಿಡಿ. ಬೆಳೆ 90ರಿಂದ 110 ದಿನದ್ದು. ಗಡ್ಡೆ ಊದುವ ಹೊತ್ತಿಗೆ ಡಿಸೆಂಬರ್, ಜನವರಿಯ ಚಳಿ ಸಿಗುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರಲ್ಲ, ಅಷ್ಟರೊಳಗೆ ನಿಮ್ಮ ಗಡ್ಡೆ ಮನೆಯೊಳಗೆ ಇರಬೇಕು.

ಬೀಜದ ಗಡ್ಡೆ ಕೋಳಿಮೊಟ್ಟೆ ಗಾತ್ರದ್ದಿದ್ದರೆ ಕೊಯ್ಯಬೇಡಿ, ಇಡಿಯಾಗಿ ನೆಡಿ. ದೊಡ್ಡದಾದರೆ ಒಂದೊಂದು ಹೋಳಿಗೆ ಎರಡು ಮೂರು ಕಣ್ಣು ಬರುವ ಹಾಗೆ ಕೊಯ್ದು, ನೆರಳಲ್ಲಿ ಎರಡು ಮೂರು ದಿನ ಹರಡಿಡಿ. ಕೊಯ್ದ ಜಾಗ ಒಣಗಿ ಗಟ್ಟಿಯಾಗಿ, ಬೆರಳಿಗೆ ತೆಳ್ಳನೆ ರಟ್ಟು ಮುಟ್ಟಿದ ಹಾಗೆ ಆಗಬೇಕು. ಹಸಿ ಹೋಳನ್ನೇ ನೆಟ್ಟರೆ ಮಣ್ಣಲ್ಲಿ ಕೊಳೆಯುತ್ತದೆ. ನೆಲದಲ್ಲಾದರೆ ಸಾಲಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಗೇಣು, ಆಳ ಎರಡು ಮೂರು ಇಂಚು. ಒಂದೂವರೆ ಅಡಿ ಅಗಲದ ಚೀಲಕ್ಕೆ ಎರಡು ಗಡ್ಡೆ ಸಾಕು. ಚೀಲದ ಕೆಳಗೆ ಎರಡು ಇಟ್ಟಿಗೆ ಇಟ್ಟು ತಾರಸಿಯಿಂದ ಎತ್ತರಿಸಿ.

ಮಣ್ಣಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ ಟೊಮೆಟೊ ಬೆಳೆಯದ ಹಿತ್ತಲಿಲ್ಲ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ, ಒಂದರ ರೋಗ ಇನ್ನೊಂದಕ್ಕೆ. ಸೊರಗು ರೋಗ ಬಂದು ಟೊಮೆಟೊ ಬಾಡಿ ಸತ್ತ ಮಣ್ಣಿಗೆ ಆಲೂಗಡ್ಡೆ ಹಾಕಲೇಬೇಡಿ. ರಾಗಿ, ಅವರೆ ಅಥವಾ ಸೊಪ್ಪು ಬೆಳೆದ ಜಾಗ ಒಳ್ಳೆಯದು. ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಬೇಡ, ಗೊಣ್ಣೆ ಹುಳು ಬರುತ್ತದೆ. ಬೂದಿಯನ್ನೂ ಸುರಿಯಬೇಡಿ. ಬೂದಿ ಜಾಸ್ತಿಯಾದರೆ ಮಣ್ಣಿಗೆ ಕ್ಷಾರ ಏರಿ ಗಡ್ಡೆಯ ಸಿಪ್ಪೆ ಕಜ್ಜಿ ಬಂದ ಹಾಗೆ ಒರಟಾಗುತ್ತದೆ. ಕೊಳವೆಬಾವಿಯ ಗಡಸು ನೀರು ಹಾಯಿಸುವವರಿಗೆ ಈ ತೊಂದರೆ ಇನ್ನೂ ಬೇಗ.

ಗಿಡ ಒಂದು ಗೇಣು ಬಂದಾಗ, ಸುಮಾರು 25ರಿಂದ 30 ದಿನಕ್ಕೆ, ಬುಡಕ್ಕೆ ಮಣ್ಣು ಏರಿಸಿ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಏರಿಸಿ. ಚೀಲಕ್ಕೆ ಮಣ್ಣು ತುಂಬುತ್ತಾ ಹೋದರೆ ಅಂತಸ್ತು ಅಂತಸ್ತಾಗಿ ಗಡ್ಡೆ ಬಿಡುತ್ತದೆ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ, ಅದನ್ನು ನೆಚ್ಚಿಕೊಳ್ಳಬೇಡಿ. ನಮಗೆ ಸಿಗುವ ಕುಫ್ರಿ ಜ್ಯೋತಿಯಂಥ ತಳಿಗಳಲ್ಲಿ ಗಡ್ಡೆ ಕಟ್ಟುವುದು ಬೀಜ ನೆಟ್ಟ ಮಟ್ಟದ ಆಸುಪಾಸಿನಲ್ಲೇ. ಮಣ್ಣು ಏರಿಸುವುದು ಗಡ್ಡೆಗೆ ಬಿಸಿಲು ಬೀಳದಿರಲಿ ಅಂತ.

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಅಗೆದ ಉರುಳಗಡ್ಡೆಗಳಲ್ಲಿ ಕೆಲವು ಅರ್ಧ ಹಸಿರಾಗಿವೆ. ಬೇಯಿಸಿದರೆ ಏನೂ ಆಗಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. ಗಿಡದ ಮೇಲೆ ಪುಟ್ಟ ಟೊಮೆಟೊ ಥರ ಹಸಿರು ಕಾಯಿಗಳೂ ಬಿಟ್ಟಿವೆ, ಮೊಮ್ಮಗ ಕಿತ್ತುಕೊಂಡು ಆಡುತ್ತಾನೆ.
– ನಿವೃತ್ತ ಶಿಕ್ಷಕರು, ಮಾಲೂರು

ಉತ್ತರ: ಮೇಷ್ಟ್ರೇ, ಮೊದಲು ಆ ಕಾಯಿಗಳನ್ನೆಲ್ಲ ಇವತ್ತೇ ಕಿತ್ತು ತಿಪ್ಪೆಗೆ ಹಾಕಿ. ಅವು ವಿಷ, ಮಕ್ಕಳ ಬಾಯಿಗೆ ಹೋಗಬಾರದು. ಹಸಿರಾದ ಗಡ್ಡೆಯಲ್ಲೂ ಸೋಲನಿನ್ ಎಂಬ ವಿಷ ಇರುತ್ತದೆ, ಬೇಯಿಸಿದರೂ ಕರಿದರೂ ಪೂರ್ತಿ ಹೋಗುವುದಿಲ್ಲ. ಹಸಿರು ಬಣ್ಣ ಬರುವುದು ಬೆಳಕು ಬಿದ್ದದ್ದರಿಂದ, ಆ ಬೆಳಕಿಗೇ ವಿಷವೂ ಹೆಚ್ಚುತ್ತದೆ. ಕಾಸಗಲ ಹಸಿರಿದ್ದರೆ ಆ ಭಾಗವನ್ನು ದಪ್ಪವಾಗಿ ಕೊಯ್ದು ತೆಗೆದು ಉಳಿದದ್ದು ಬಳಸಬಹುದು. ಅರ್ಧ ಹಸಿರಾಗಿದ್ದರೆ, ನಾಲಿಗೆಗೆ ಕಹಿ ತಗುಲಿದರೆ ಎಸೆಯಿರಿ. ದನಕ್ಕೂ ಹಾಕಬೇಡಿ.

ಪ್ರಶ್ನೆ: ನವೆಂಬರ್‌ನಲ್ಲಿ ಒಂದು ವಾರ ಮೋಡ, ಜಡಿಮಳೆ. ಅದಾದ ಮೇಲೆ ಆಲೂ ಗಿಡದ ಎಲೆಗಳ ಅಂಚು ಕಪ್ಪಾಗಿ ಸುಟ್ಟ ಹಾಗೆ ಆಯಿತು. ನಮ್ಮ ಮನೆಯಲ್ಲಿ ರೇಷ್ಮೆ ಸಾಕಣೆ ಇದೆ, ಔಷಧಿ ಹೊಡೆಯಲು ಭಯ.
– ಓದುಗರು, ಶಿಡ್ಲಘಟ್ಟ

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಇದು ಅಂಗಮಾರಿ ರೋಗ. 1845ರಲ್ಲಿ ಐರ್ಲೆಂಡಿನ ಹೊಲಗಳಿಗೆ ಬಿದ್ದು, ಮುಂದಿನ ವರ್ಷಗಳ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡದ್ದು ಇದೇ ರೋಗ. ನನ್ನ ಹಿತ್ತಲಿಗೂ ಒಂದು ವರ್ಷ ಬಂದಿತ್ತು. ಬೆಳಿಗ್ಗೆ ಆರೂವರೆಗೆ ಎಲೆ ಮಗುಚಿ ನೋಡಿದೆ, ಕಪ್ಪು ಮಚ್ಚೆಯ ಸುತ್ತ ಹಿಟ್ಟು ಉದುರಿಸಿದ ಹಾಗೆ ಬಿಳೀ ಬೂಷ್ಟು. ಒಂಬತ್ತು ಗಂಟೆಗೆ ಬಿಸಿಲು ಬಂದಾಗ ಆ ಬಿಳುಪು ಮಾಯ. ಬರೀ ಒಣಗು ಇರಬೇಕು ಅಂತ ಸುಮ್ನೆ ಬಿಟ್ಟೆ. ಆರನೇ ದಿನಕ್ಕೆ ಇಪ್ಪತ್ತು ಗಿಡದಲ್ಲಿ ಒಂದೂ ಉಳಿಯಲಿಲ್ಲ, ವಾಸನೆ ಬೇರೆ. ಆ ಬೆಳಗ್ಗೆಯೇ ನಾಲ್ಕು ಗಿಡ ಕಿತ್ತಿದ್ದರೆ ಉಳಿದವು ಬದುಕುತ್ತಿದ್ದವೇನೋ, ಆ ನೋವು ಈಗಲೂ ಇದೆ.

ರೇಷ್ಮೆ ಇಲ್ಲದ ಮನೆಯವರು ಮೋಡ ಕವಿದಾಗಲೇ, ಮಚ್ಚೆ ಕಾಣುವ ಮೊದಲೇ ಬೋರ್ಡೋ ದ್ರಾವಣ ಸಿಂಪಡಿಸಬಹುದು. ಹತ್ತು ಗ್ರಾಂ ಮೈಲುತುತ್ತ, ಹತ್ತು ಗ್ರಾಂ ಸುಣ್ಣ ಬೇರೆ ಬೇರೆ ಅರ್ಧರ್ಧ ಲೀಟರ್ ನೀರಲ್ಲಿ ಕರಗಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸುಣ್ಣದ ನೀರಿಗೆ ತುತ್ತದ ನೀರು ಸುರಿಯಬೇಕು. ಆದರೆ ನಿಮ್ಮ ಮನೆಗೆ ಇದು ಬೇಡ. ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಹುಳುಗಳ ಗತಿಯೇನು? ಸಾವಯವ ಅಂತ ಹೊಗೆಸೊಪ್ಪಿನ ಕಷಾಯವನ್ನೂ ಮಾಡಬೇಡಿ, ರೇಷ್ಮೆ ಹುಳುವಿಗೆ ಅದು ನೇರ ವಿಷ. ಬೇವಿನೆಣ್ಣೆಯೂ ಆಗದು. ನೀವು ಮಾಡಬೇಕಾದದ್ದು ಕೈಕೆಲಸ. ಗಿಡಗಳ ಮಧ್ಯೆ ಗಾಳಿ ಆಡಲು ಜಾಗ ಬಿಡಿ. ನೀರನ್ನು ಬೆಳಿಗ್ಗೆ ಹೊತ್ತು ಬುಡಕ್ಕೆ ಮಾತ್ರ ಹಾಕಿ. ಮೋಡದ ದಿನಗಳಲ್ಲಿ ದಿನಾ ಎಲೆ ಮಗುಚಿ ನೋಡಿ, ಬಿಳುಪು ಕಂಡ ಗಿಡವನ್ನು ಕಿತ್ತು ದೂರ ಹೂತುಬಿಡಿ. ಕೈ ಕಾಲು ತೊಳೆದೇ ಹುಳು ಮನೆಗೆ ಹೋಗಿ.

ಪ್ರಶ್ನೆ: ಗಡ್ಡೆ ಅಗೆಯುವ ಹದ ಹೇಗೆ ತಿಳಿಯುತ್ತದೆ? ಮುಂದಿನ ವರ್ಷಕ್ಕೆ ನಮ್ಮದೇ ಬೀಜ ಇಟ್ಟುಕೊಳ್ಳಬಹುದಾ?
– ಕಾಲೇಜು ವಿದ್ಯಾರ್ಥಿನಿ, ತುಮಕೂರು

ಉತ್ತರ: ತಂಗೀ, ಎಲೆ ತಾನಾಗಿ ಹಳದಿಯಾಗಿ ಬಾಗುವವರೆಗೆ ಕಾಯಿ. ಆಮೇಲೆ ನೀರು ನಿಲ್ಲಿಸಿ ಹತ್ತು ಹನ್ನೆರಡು ದಿನ ಬಿಡು. ಒಂದು ಗಡ್ಡೆ ತೆಗೆದು ಹೆಬ್ಬೆರಳಿಂದ ಒತ್ತಿ ಉಜ್ಜಿ ನೋಡು. ಸಿಪ್ಪೆ ಜಾರಿ ಸುಲಿದುಬಂದರೆ ಇನ್ನೂ ವಾರ ಬೇಕು, ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಅಗೆಯಬಹುದು. ಗುದ್ದಲಿ ಬೇಡ, ಕೈಯಲ್ಲೇ ಕೆದಕು. ಅಷ್ಟು ದಿನ ಕಾಯುವ ತಾಳ್ಮೆ ಇಲ್ಲದಿದ್ದರೆ ಸಂಕ್ರಾಂತಿ ಹೊತ್ತಿಗೆ ಬುಡದ ಒಂದು ಪಕ್ಕ ಮಣ್ಣು ಸರಿಸಿ ನಾಲ್ಕು ಎಳೇ ಗಡ್ಡೆ ಕಿತ್ತುಕೊಂಡು ಮಣ್ಣು ಮುಚ್ಚಿಬಿಡು, ಗಿಡಕ್ಕೆ ಏನೂ ಆಗಲ್ಲ. ಆಗ ಸೊಗಡಿನ ಅವರೆಕಾಯಿ ಕಾಲ. ಆ ಎಳೇ ಗಡ್ಡೆ ಹಾಕಿದ ಅವರೆಕಾಳು ಸಾರು, ಬಿಸಿ ಮುದ್ದೆ ಉಂಡು ನೋಡು.

ಬೀಜಕ್ಕೆ ಇಡುವುದು ಮಾತ್ರ ಬೇಡ. ಫೆಬ್ರವರಿಯಲ್ಲಿ ಅಗೆದದ್ದು ಅಕ್ಟೋಬರ್‌ವರೆಗೆ ಎಂಟು ತಿಂಗಳು ಇರಬೇಕು, ಮಧ್ಯೆ ತುಮಕೂರಿನ ಬೇಸಿಗೆ ಇದೆ. ಅಷ್ಟರಲ್ಲಿ ಸುಕ್ಕಾಗಿ ಹೋಗುತ್ತದೆ, ಇಲ್ಲವೇ ಗಡ್ಡೆ ಚಿಟ್ಟೆಯ ಹುಳು ಕೊರೆಯುತ್ತದೆ. ಇನ್ನೊಂದು ಕಾರಣ ವೈರಸ್. ಸಸ್ಯಹೇನುಗಳು ವೈರಸ್ ಹರಡುತ್ತವೆ, ಅದು ಗಡ್ಡೆಯೊಳಗೇ ಉಳಿದು ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಸುತ್ತದೆ. ನಮ್ಮ ರೈತರು ಜಲಂಧರ್ ಬೀಜ ಅಂತ ಕೇಳುವುದು ಇದಕ್ಕೇ. ಪಂಜಾಬಿನ ಬಯಲಲ್ಲಿ ಚಳಿಗಾಲಕ್ಕೆ ಹೇನಿನ ಕಾಟ ತೀರಾ ಕಡಿಮೆ. ಆ ಅವಧಿಯಲ್ಲೇ ಬೀಜದ ಬೆಳೆ ತೆಗೆಯುವ ವಿಧಾನವನ್ನು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ರೂಪಿಸಿತು. ತಳಿಗಳ ಹೆಸರಿನ ಮುಂದಿರುವ ಕುಫ್ರಿ ಕೂಡ ಶಿಮ್ಲಾ ಹತ್ತಿರದ ಊರು.

ದೀಪಾವಳಿಗೆ ಮುಂಚೆ ಬಿತ್ತನೆ ಗಡ್ಡೆ ತರುವ ರೈತರು ಯಾರಾದರೂ ಪರಿಚಯ ಇದ್ದರೆ ಎರಡು ಕೆಜಿ ಕೇಳಿ ತೆಗೆದುಕೋ. ಸಿಗದಿದ್ದರೆ ಮೊಳಕೆ ದಪ್ಪಗೆ, ಗಿಡ್ಡಗೆ ಬಂದಿರುವ ಅಂಗಡಿ ಗಡ್ಡೆಯನ್ನೇ ಆರಿಸಿಕೋ. ಕೋಲ್ಡ್ ಸ್ಟೋರೇಜ್‌ನಲ್ಲಿ ಮೊಳಕೆ ಬಾರದಂತೆ ಔಷಧಿ ಹಾಕಿದ ಗಡ್ಡೆಗಳೂ ಮಾರುಕಟ್ಟೆಗೆ ಬರುತ್ತವೆ. ಹಾಗಾಗಿ ಕಣ್ಣು ಒಡೆಯದ ಗಡ್ಡೆಯನ್ನು ನೆಟ್ಟು ಕಾಯುತ್ತಾ ಕೂರಬೇಡ.